ಡಿಸೈನರ್‌ಗಳು ಕೋಡಿಂಗ್ ಕಲಿಯಲಿ, ಕನ್ನಡದ ಒತ್ತಕ್ಷರಕ್ಕಾಗಿಯಾದರೂ

ಸಂಪಾದಕರಿಗೆ ನಮಸ್ಕಾರ.

ಗ್ರಾಫಿಕ್ ಡಿಸೈನ್ ಕಲಿತವರು ವೆಬ್ ಕೋಡಿಂಗನ್ನೂ ಕಲಿಯಬೇಕಾ ಬೇಡವಾ ಅನ್ನುವ ಬಗ್ಗೆ ನಿಮ್ಮ ಓದುಗರ ಪುಟದಲ್ಲಿ ಪತ್ರಗಳು ಬರುತ್ತಿವೆ. ಬಣ್ಣ, ಅಕ್ಷರ ನೋಡಿಕೊಳ್ಳುವವರಿಗೆ ಕೋಡ್ ಯಾಕೆ ಎಂದು ಒಬ್ಬರು ಕೇಳಿದ್ದರು. ಕೋಡ್ ಬಾರದ ಡಿಸೈನರ್‌ಗೆ ಇನ್ನು ಹೊಟ್ಟೆಪಾಡು ಕಷ್ಟ ಎಂದು ಇನ್ನೊಬ್ಬರು ಹೆದರಿಸಿದ್ದರು. ಎರಡೂ ಪತ್ರಗಳು ಬೆಂಗಳೂರಿನ ಕಂಪನಿಗಳನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆದ ಹಾಗಿದ್ದವು. ಬಾಗಲಕೋಟೆಯಲ್ಲಿ ಕೂತು ಲಗ್ನಪತ್ರಿಕೆ, ಹ್ಯಾಂಡ್‌ಬಿಲ್, ಸೀರೆ ಡಬ್ಬಿ, ಲೇಬಲ್ ಮಾಡುವ ನನ್ನಂಥವರ ಕಡೆಯಿಂದಲೂ ಒಂದು ಮಾತು ಇರಲಿ ಎಂದು ಈ ಪತ್ರ. ಸ್ವಲ್ಪ ಉದ್ದವಾಗಿದೆ, ಜಾಗ ಮಾಡಿಕೊಡಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕಲಿಯಬೇಕು. ಎಲ್ಲ ಕೋಡಿಂಗ್ ಅಲ್ಲ. ವೆಬ್ ಪುಟಕ್ಕೆ ಚೌಕಟ್ಟು ಕೊಡುವ ಎಚ್‌ಟಿಎಂಎಲ್ ಮತ್ತು ಅದಕ್ಕೆ ರೂಪ ಕೊಡುವ ಸಿಎಸ್‌ಎಸ್, ಇವೆರಡನ್ನು ಗಟ್ಟಿಯಾಗಿ ಕಲಿಯಬೇಕು. ಕೆಲಸ ಸಿಗುತ್ತದೆ ಅನ್ನುವುದು ಅದಕ್ಕೆ ಸಣ್ಣ ಕಾರಣ. ದೊಡ್ಡ ಕಾರಣ ಬೇರೆ ಇದೆ. ಮೊಬೈಲ್ ಪರದೆ ಮೇಲೆ ಕನ್ನಡ ಅಕ್ಷರ ಕೆಡುತ್ತಿದೆ. ಅದನ್ನು ಸರಿಮಾಡಲು ಕನ್ನಡ ಅಕ್ಷರ ಬಲ್ಲವರ ಕೈಯೇ ಬೇಕು. ಬೇರೆ ಯಾರೂ ಮಾಡುವುದಿಲ್ಲ.

ನಾನು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಚ್ಚಿನ ಪುಟ ಜೋಡಿಸುವ ಕೆಲಸ, ಕಲಿತದ್ದು ನಮ್ಮ ಕಾಕಾ ಅವರ ಪ್ರೆಸ್ಸಿನಲ್ಲಿ. ಪ್ರೆಸ್ ಮೊದಲು ಹಳೇ ಬಾಗಲಕೋಟೆಯಲ್ಲಿತ್ತು. ಆಲಮಟ್ಟಿ ಹಿನ್ನೀರು ಬಂದು ತಗ್ಗಿನ ಓಣಿಗಳು ಖಾಲಿಯಾದಾಗ ಮಷೀನ್ ಸಮೇತ ನವನಗರಕ್ಕೆ ಬಂದೆವು. ಕಾಕಾ ಮೊಳೆ ಜೋಡಿಸಿ ಅಚ್ಚು ಹಾಕಿದ ಕಾಲದವರು. ನಾನು ಕೆಲಸಕ್ಕೆ ಕೂರುವ ಹೊತ್ತಿಗೆ ಪುಟ ಜೋಡಿಸುವ ಪೇಜ್‌ಮೇಕರ್, ಚಿತ್ರ ಬರೆಯುವ ಕೋರೆಲ್‌ಡ್ರಾ, ಕನ್ನಡ ಟೈಪ್ ಮಾಡುವ ನುಡಿ ಎಲ್ಲ ಬಂದಿದ್ದವು. ಆದರೂ ಅವರು ನನ್ನನ್ನು ಮೊದಲು ಕಂಪ್ಯೂಟರ್ ಮುಂದೆ ಕೂರಿಸಲಿಲ್ಲ. ಆಫ್‌ಸೆಟ್ ಮಷೀನ್ ಪಕ್ಕ ನಿಲ್ಲಿಸಿದರು. "ಹಾಳಿ ಎಲ್ಲಿ ಹಿಡಿತೈತಿ ನೋಡು, ಎಲ್ಲಿ ಕತ್ತರಸ್ತಾರ ನೋಡು. ಡಿಸೈನ್ ಆಮ್ಯಾಲ" ಅನ್ನುತ್ತಿದ್ದರು.

ಹಾಗೆ ನಿಂತೇ ನಾನು ಕಲಿತೆ. ಮಷೀನಿನ ಗ್ರಿಪ್ಪರ್ ಹಾಳೆ ಹಿಡಿಯುವ ಕಡೆ ಜಾಗ ಬಿಡಬೇಕು. ಕತ್ತರಿಸುವ ಅಂಚಿಗೆ 3 ಮಿ.ಮೀ. ಬ್ಲೀಡ್, ಅಂದರೆ ಅಂಚಿನಾಚೆ ಹೆಚ್ಚಿನ ಬಣ್ಣ, ಕೊಡಬೇಕು. ಫೋಟೊ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕಿ, ಇರಬೇಕು. ಸಣ್ಣ ಅಕ್ಷರವನ್ನು ನಾಲ್ಕೂ ಬಣ್ಣ ಬೆರೆಸಿ ಇಡಬಾರದು, ಪ್ಲೇಟ್ ಕೂದಲೆಳೆ ಸರಿದರೂ ಅಕ್ಷರಕ್ಕೆ ನೆರಳು ಬರುತ್ತದೆ. ಬರೀ ಕಪ್ಪಿನಲ್ಲಿ ಇಡಬೇಕು. ಇದೆಲ್ಲ ಮಷೀನಿನವರ ವಿಷಯ, ಡಿಸೈನರ್‌ಗೆ ಯಾಕೆ ಬೇಕು ಎಂದು ನಮ್ಮಲ್ಲಿ ಯಾರೂ ಕೇಳಿದ್ದಿಲ್ಲ. ನನಗೆ ಇವತ್ತಿಗೂ ಆಫ್‌ಸೆಟ್ ಓಡಿಸಲು ಬರುವುದಿಲ್ಲ. ಆದರೆ ಪ್ಲೇಟಿನಿಂದ ಹಾಳೆಗೆ ಏನು ಇಳಿಯುತ್ತದೆ ಅನ್ನುವುದು ಗೊತ್ತು. ಆ ತಿಳಿವಳಿಕೆ ಇಲ್ಲದವರನ್ನು ಯಾವ ಪ್ರೆಸ್ಸಿನವರೂ ಡಿಸೈನರ್ ಅನ್ನುವುದಿಲ್ಲ, ಅಲ್ವಾ?

ವೆಬ್‌ನಲ್ಲಿ ಆ ಮಷೀನಿನ ಜಾಗದಲ್ಲಿ ಇರುವುದು ಬ್ರೌಸರ್. ಇದು ತಲೆಬರಹ, ಇದು ಪ್ಯಾರಾ, ಇದು ಚಿತ್ರ ಎಂದು ಅದಕ್ಕೆ ಹೇಳುವುದು ಎಚ್‌ಟಿಎಂಎಲ್. ಅಕ್ಷರ ಯಾವುದು, ಎಷ್ಟು ದೊಡ್ಡದು, ಯಾವ ಬಣ್ಣ, ಸಾಲಿನ ನಡುವೆ ಎಷ್ಟು ಜಾಗ, ಅಂಚಿಗೆ ಎಷ್ಟು ಜಾಗ ಎಂದು ಹೇಳುವುದು ಸಿಎಸ್‌ಎಸ್. ಟಿಮ್ ಬರ್ನರ್ಸ್-ಲೀ ಅವರು ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ಮೊದಲ ವೆಬ್ ಪುಟಗಳನ್ನು ಮಾಡಿದಾಗ ಇಂಥ ಸಿಂಗಾರಕ್ಕೆ ಬೇರೆ ಭಾಷೆ ಇರಲಿಲ್ಲ. 1994ರಲ್ಲಿ ಹಾಕೋನ್ ವಿಯುಮ್ ಲೀ ಅನ್ನುವವರು ಸಿಎಸ್‌ಎಸ್‌ನ ಪ್ರಸ್ತಾಪ ಮುಂದಿಟ್ಟರು. 1996ರ ಡಿಸೆಂಬರಿನಲ್ಲಿ ಅದರ ಮೊದಲ ಆವೃತ್ತಿ ಬಂತು. ಅದರಲ್ಲಿ ಇದ್ದದ್ದು ಏನು? ಅಕ್ಷರ, ಬಣ್ಣ, ಅಂಚು, ಸಾಲಿನ ಎತ್ತರ. ಅಂದರೆ ಡಿಸೈನರ್ ದಿನಾ ತಲೆ ಕೆಡಿಸಿಕೊಳ್ಳುವ ವಿಷಯಗಳೇ. ಅದನ್ನು ಎಂಜಿನಿಯರ್‌ಗಳ ಭಾಷೆ ಎಂದು ದೂರ ಇಟ್ಟದ್ದು ನಾವು.

ದೂರ ಇಟ್ಟರೆ ಏನಾಗುತ್ತದೆ ಎಂದು ಹೇಳುತ್ತೇನೆ.

ಇಳಕಲ್‌ನ ಒಂದು ಸೀರೆ ಅಂಗಡಿಯವರಿಗೆ ಡಬ್ಬಿ, ಬಿಲ್ ಬುಕ್, ಕೈಚೀಲ ಎಲ್ಲ ನಾವೇ ಮಾಡಿಕೊಡುವುದು. ಅವರು ವೆಬ್‌ಸೈಟ್ ಮಾಡಿಸಲು ಹೊರಟರು. ನಾನು ಪುಟಗಳ ಡಿಸೈನ್ ಮಾಡಿಕೊಟ್ಟೆ. ಕಟ್ಟುವ ಕೆಲಸ ದೊಡ್ಡ ಊರಿನ ಒಂದು ಕಂಪನಿಗೆ ಹೋಯಿತು. ಸೈಟ್ ಬಂದ ದಿನ ಅಂಗಡಿಯವರ ಫೋನ್: "ಅಕ್ಕಾರ, ನಮ್ಮ ಅಕ್ಷರದ ಕಾಲು ಕಡದಂಗ ಆಗೇತಲ್ರಿ!"

ತೆರೆದು ನೋಡಿದೆ. ಮೇಲೆ ದೊಡ್ಡದಾಗಿ ‘ಕೈಮಗ್ಗದ ವಸ್ತ್ರಗಳು’ ಎಂದು ಇರಬೇಕಿತ್ತು. ಮಗ್ಗದ ಕೆಳಗಿನ ಗ ಒತ್ತು ಅರ್ಧ ಹೋಗಿತ್ತು. ವಸ್ತ್ರದಲ್ಲಿ ತ ಒತ್ತಿನ ತಲೆಯಷ್ಟೇ ಉಳಿದು, ರ ಒತ್ತು ಕಾಣೆಯಾಗಿತ್ತು. ಕೆಳಗೆ ‘ಕೊಳ್ಳಿ’ ಅನ್ನುವ ಗುಂಡಿ. ಅದರಲ್ಲೂ ಳ ಒತ್ತು ಗುಂಡಿಯ ಅಂಚಿಗೆ ಸಿಕ್ಕಿ ತುಂಡಾಗಿತ್ತು. ತಲೆಮಾರಿನಿಂದ ಟೋಪ ತೆನಿ ಸೆರಗು ಜೋಡಿಸಿ ಸೀರೆ ಮಾಡಿಕೊಂಡು ಬಂದ ಮನೆಯವರು. ಒಂದು ಎಳೆ ತಪ್ಪಿದರೂ ಬಿಚ್ಚಿ ಮತ್ತೆ ಜೋಡಿಸುವವರು. ಅವರ ಅಂಗಡಿಯ ಬಾಗಿಲಲ್ಲೇ ಇಂಥ ಬರಹ.

ಕಂಪನಿಗೆ ಫೋನ್ ಮಾಡಿದೆ. ಆ ಕಡೆ ಇದ್ದ ಹುಡುಗ ಒಳ್ಳೆಯವನೇ. ನೀವು ಕೊಟ್ಟ ಡಿಸೈನ್ ಪ್ರಕಾರವೇ ಇದೆ ಮೇಡಂ, ಏನು ತಪ್ಪಿದೆ ತೋರಿಸಿ ಎಂದ. ಅವನಿಗೆ ಕನ್ನಡ ಓದಲು ಬಾರದು. ಅವನ ಕಣ್ಣಿಗೆ ಅಲ್ಲಿ ಏನೂ ಕಡಿಮೆಯಾಗಿರಲಿಲ್ಲ. ಅವನನ್ನು ಬೈಯುವುದು ಸರಿಯಲ್ಲ.

ಅಷ್ಟರಲ್ಲಿ ನಾನು ಸಿಎಸ್‌ಎಸ್ ಸ್ವಲ್ಪ ಕಲಿತಿದ್ದೆ. ಕ್ರೋಮ್‌ನಲ್ಲಿ ಆ ತಲೆಬರಹದ ಮೇಲೆ ಬಲಗಡೆ ಕ್ಲಿಕ್ ಮಾಡಿ ‘ಇನ್‌ಸ್ಪೆಕ್ಟ್’ ಒತ್ತಿದರೆ ಅದರ ಹಿಂದಿನ ಸಾಲುಗಳು ಕಾಣುತ್ತವೆ. ಯಾರು ಬೇಕಾದರೂ ನೋಡಬಹುದು. ಅಲ್ಲಿ ಲೈನ್-ಹೈಟ್ 1 ಎಂದು ಇತ್ತು. ಅಂದರೆ ಅಕ್ಷರದ ಗಾತ್ರ ಎಷ್ಟೋ ಸಾಲಿನ ಎತ್ತರವೂ ಅಷ್ಟೇ. ಅದರ ಜೊತೆ ಓವರ್‌ಫ್ಲೋ ಹಿಡನ್, ಅಂದರೆ ಡಬ್ಬಿಯ ಹೊರಗೆ ಬಂದದ್ದನ್ನೆಲ್ಲ ಮರೆಮಾಡು ಎಂಬ ಆದೇಶ. ಇಂಗ್ಲಿಷಿಗೆ ಇದು ನಡೆಯುತ್ತದೆ. ಅಲ್ಲಿ ಗೆರೆಯಿಂದ ಕೆಳಗೆ ಇಳಿಯುವ ಸಣ್ಣಕ್ಷರಗಳೇ ಐದು: ಜಿ, ಜೆ, ಪಿ, ಕ್ಯೂ, ವೈ. ಅವೂ ಸ್ವಲ್ಪವೇ ಇಳಿಯುತ್ತವೆ. ತಲೆಬರಹವನ್ನು ಪೂರ್ತಿ ದೊಡ್ಡಕ್ಷರದಲ್ಲಿ ಇಟ್ಟರೆ ಆ ತೊಂದರೆಯೂ ಇಲ್ಲ. ಕನ್ನಡದಲ್ಲಿ ಎರಡು ಮಾತಿಗೊಂದು ಒತ್ತಕ್ಷರ. ‘ರಾಷ್ಟ್ರ’, ‘ಸ್ತ್ರೀ’, ‘ವಸ್ತ್ರ’ ಇಂಥವಕ್ಕೆ ಗೆರೆಯ ಕೆಳಗೆ ಇನ್ನೂ ಸಾಕಷ್ಟು ಜಾಗ ಬೇಕು.

1 ಇದ್ದದ್ದನ್ನು 1.7 ಮಾಡಿದೆ. ಹಿಡನ್ ತೆಗೆದೆ. ಒತ್ತುಗಳೆಲ್ಲ ಕಣ್ಣ ಮುಂದೆಯೇ ಪೂರ್ತಿ ಬಂದವು. ಗುಂಡಿಗೆ 40 ಪಿಕ್ಸೆಲ್ ಎತ್ತರ ಎಂದು ಗಟ್ಟಿಯಾಗಿ ಬರೆದಿದ್ದರು. ಅದನ್ನು ತೆಗೆದು ಮೇಲೆ ಕೆಳಗೆ ಪ್ಯಾಡಿಂಗ್, ಅಂದರೆ ಒಳಗಿನ ಖಾಲಿ ಜಾಗ, ಕೊಟ್ಟೆ. ಇದು ನನ್ನ ಕಂಪ್ಯೂಟರಿನಲ್ಲಷ್ಟೇ ಬದಲಾಗುವುದು, ನಿಜವಾದ ಸೈಟ್ ಹಾಗೇ ಇರುತ್ತದೆ. ಆದರೆ ಏನು ಮಾಡಬೇಕೆಂದು ಗೊತ್ತಾಯಿತಲ್ಲ. ಆ ಸಾಲುಗಳನ್ನು ಹುಡುಗನಿಗೆ ವಾಟ್ಸಾಪ್ ಮಾಡಿದೆ. ಚಹಾ ಕುಡಿದು ಬರುವಷ್ಟರಲ್ಲಿ ಸೈಟ್ ಸರಿಯಾಗಿತ್ತು. ‘ಅಕ್ಷರ ಕೆಟ್ಟಿದೆ, ಸರಿಮಾಡಿ’ ಎಂದು ಎಷ್ಟು ಸಲ ಹೇಳಿದ್ದರೂ ಇದು ಆಗುತ್ತಿರಲಿಲ್ಲ. ಏನು ಕೆಟ್ಟಿದೆ ಎಂದು ಅವನಿಗೆ ಗೊತ್ತಿಲ್ಲ. ಯಾಕೆ ಕೆಟ್ಟಿದೆ ಎಂದು ನನಗೆ ಗೊತ್ತಿಲ್ಲದೇ ಹೋಗಿದ್ದರೆ ಇಬ್ಬರೂ ಸುಮ್ನೆ ವಾದ ಮಾಡುತ್ತ ಕೂರುತ್ತಿದ್ದೆವು.

ಅದೇ ಸೈಟಿನಲ್ಲಿ ಇನ್ನೂ ಎರಡು ವಿಷಯ ಕಂಡವು. ಅಕ್ಷರಕ್ಕೆ ಪಾಪಿನ್ಸ್ ಎಂಬ ಫಾಂಟ್ ಹೇಳಿದ್ದರು. ಚೆಂದದ ಫಾಂಟ್. ಅದರಲ್ಲಿ ಇಂಗ್ಲಿಷ್ ಇದೆ, ದೇವನಾಗರಿ ಇದೆ, ಕನ್ನಡ ಇಲ್ಲ. ಇಲ್ಲದಿದ್ದಾಗ ಬ್ರೌಸರ್ ಆ ಫೋನಿನಲ್ಲಿ ಯಾವ ಕನ್ನಡ ಫಾಂಟ್ ಸಿಗುತ್ತದೋ ಅದನ್ನು ಹಾಕುತ್ತದೆ. ಆಂಡ್ರಾಯ್ಡಿನಲ್ಲಿ ನೋಟೋ, ವಿಂಡೋಸ್‌ನಲ್ಲಿ ನಿರ್ಮಲಾ, ಐಫೋನಿನಲ್ಲಿ ಇನ್ನೊಂದು. ಒಂದೇ ಅಂಗಡಿಯ ಹೆಸರು ಒಬ್ಬೊಬ್ಬರ ಫೋನಿನಲ್ಲಿ ಒಂದೊಂದು ತರಹ. ಎರಡನೆಯದು ದಪ್ಪಕ್ಷರ. ಫಾಂಟಿನಲ್ಲಿ ನಿಜವಾದ ಬೋಲ್ಡ್ ಇಲ್ಲದಿದ್ದರೆ ಬ್ರೌಸರ್ ತಾನೇ ಗೆರೆ ಬಳಿದು ದಪ್ಪ ಮಾಡುತ್ತದೆ. ಇಂಗ್ಲಿಷ್ ಅಕ್ಷರ ಅದನ್ನು ಹೇಗೋ ತಡೆದುಕೊಳ್ಳುತ್ತದೆ. ಕನ್ನಡದ ‘ಕ್ಷ’, ‘ಜ್ಞ’, ‘ಖ’ದ ಹೊಟ್ಟೆ ಮುಚ್ಚಿ ಮಸಿ ಚೆಲ್ಲಿದ ಹಾಗೆ ಆಗುತ್ತದೆ. ಇಟಾಲಿಕ್ ಕೇಳಿದರೆ ಅಕ್ಷರವನ್ನು ಹಾಗೇ ಓರೆ ಮಾಡಿ ನಿಲ್ಲಿಸುತ್ತದೆ. ನೋಟೋ ಸಾನ್ಸ್ ಕನ್ನಡ, ಬಲೂ ತಮ್ಮ, ಅನೇಕ್ ಕನ್ನಡ, ಬೆಣ್ಣೆ, ಹುಬ್ಬಳ್ಳಿ, ಹೀಗೆ ಒಳ್ಳೊಳ್ಳೆ ಕನ್ನಡ ಫಾಂಟ್‌ಗಳು ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಯಾವ ಅಂಗಡಿಗೆ ಯಾವುದು ಒಪ್ಪುತ್ತದೆ ಅನ್ನುವುದನ್ನು ಕನ್ನಡ ಓದದ ಹುಡುಗನ ಮೇಲೆ ಹೇರಬಾರದು. ನಾವು ಆರಿಸಿ, ಸಿಎಸ್‌ಎಸ್‌ನಲ್ಲಿ ಬರೆದುಕೊಡಬೇಕು.

ಫ್ಲೆಕ್ಸ್ ಬರುವ ಮೊದಲು ನಮ್ಮ ಕಡೆ ಬೋರ್ಡ್ ಬರೆಯುವ ಪೇಂಟರ್‌ಗಳಿದ್ದರು. ಬನಶಂಕರಿ ಜಾತ್ರೆಗೆ ನಾಟಕ ಕಂಪನಿಗಳು ಬಂದಾಗ ಅವರ ಕೈಗೆ ಬಿಡುವಿರುತ್ತಿರಲಿಲ್ಲ. ಒಬ್ಬರು ಬರೆಯುವುದನ್ನು ನಾನು ಸಣ್ಣವಳಿದ್ದಾಗ ಹತ್ತಿರದಿಂದ ನೋಡಿದ್ದೇನೆ. ದಾರಕ್ಕೆ ಸುಣ್ಣ ಹಚ್ಚಿ ಬೋರ್ಡಿನ ಮೇಲೆ ಗೆರೆ ಹೊಡೆಯುತ್ತಿದ್ದರು. ಅಕ್ಷರಕ್ಕೆ ಎರಡು ಗೆರೆ, ಅದರ ಕೆಳಗೆ ಒತ್ತಿಗೆಂದು ಇನ್ನೊಂದು. ಎರಡು ಸಾಲು ಬರೆಯುವುದಿದ್ದರೆ ಮೇಲಿನ ಸಾಲಿನ ಒತ್ತು ಎಲ್ಲೆಲ್ಲಿ ಇಳಿಯುತ್ತದೆ ಎಂದು ಮೊದಲೇ ನೋಡಿ, ಕೆಳಗಿನ ಸಾಲಿನ ಗುಡಿಸು, ತಲೆಕಟ್ಟು ಅದಕ್ಕೆ ತಾಗದಂತೆ ಅಕ್ಷರ ಸರಿಸುತ್ತಿದ್ದರು. ಅಳತೆಪಟ್ಟಿ ಇರಲಿಲ್ಲ. ಕಣ್ಣಳತೆ. ಆ ಲೆಕ್ಕ ಅವರ ಕೈಯಲ್ಲಿ ಕೂತಿತ್ತು. ಫ್ಲೆಕ್ಸ್ ಬಂದಾಗ ಆ ಪೇಂಟರ್‌ಗಳಲ್ಲಿ ಜಾಸ್ತಿ ಜನ ಕೆಲಸ ಬಿಟ್ಟರು. ಕೋರೆಲ್‌ಡ್ರಾ ಕಲಿತ ನಾವು ಅವರ ಲೆಕ್ಕವನ್ನು ಅಷ್ಟೋ ಇಷ್ಟೋ ಉಳಿಸಿಕೊಂಡೆವು. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧಿಸಿತು. ನಿಷೇಧ ಎಷ್ಟು ನಡೆಯಿತು ಎಂಬುದು ಬೇರೆ ಮಾತು. ಆದರೆ ಆಮೇಲೆ ಕೆಲಸ ಮೆಲ್ಲಗೆ ಫೋನಿನ ಕಡೆ ಸರಿಯುತ್ತ ಬಂತು. ಫೋನಿನಲ್ಲಿ ಆ ಲೆಕ್ಕ ಹಾಕುವವರು ಯಾರು? ಲೆಕ್ಕ ಗೊತ್ತಿರುವ ನಮಗೆ ಸಿಎಸ್‌ಎಸ್ ಬಾರದು, ಸಿಎಸ್‌ಎಸ್ ಬರುವವರಿಗೆ ಒತ್ತಕ್ಷರ ಬಾರದು. ಈ ನಡುವಿನ ಜಾಗದಲ್ಲೇ ಕನ್ನಡ ಕೆಡುತ್ತಿರುವುದು.

ನುಡಿಯ ವಿಷಯವೂ ಹೇಳಬೇಕು. ನಮ್ಮ ಡಿಟಿಪಿ ಅಂಗಡಿಗಳಲ್ಲಿ ಈಗಲೂ ಜಾಸ್ತಿ ಕೆಲಸ ನಡೆಯುವುದು ಹಳೇ ನುಡಿ, ಬರಹ ಫಾಂಟ್‌ಗಳಲ್ಲಿ. ಅವು ಬಂದ ಕಾಲಕ್ಕೆ ದೊಡ್ಡ ಉಪಕಾರ ಮಾಡಿವೆ, ಅದನ್ನು ಮರೆಯಬಾರದು. ಶೇಷಾದ್ರಿವಾಸು ಅವರು ‘ಬರಹ’ ತಂತ್ರಾಂಶವನ್ನು 1998ರಲ್ಲಿ ತಂದರು. ನುಡಿ ಮಾಡಿದ್ದು ಕನ್ನಡ ಗಣಕ ಪರಿಷತ್ತು. ನಾವೆಲ್ಲ ಬೆರಳಾಡಿಸುವ ಕೀಲಿಮಣೆಯ ಹಿಂದೆ ಕೆ.ಪಿ. ರಾವ್ ಅವರ ಕೆಲಸ ಇದೆ. ಅಚ್ಚಿನ ಅಕ್ಷರವನ್ನೂ ಬಲ್ಲವರು, ಕಂಪ್ಯೂಟರನ್ನೂ ಬಲ್ಲವರು ಅವರು. ಎರಡೂ ಒಬ್ಬರ ತಲೆಯಲ್ಲಿ ಇದ್ದದ್ದರಿಂದಲೇ ಕನ್ನಡ ಟೈಪಿಂಗ್ ಇಷ್ಟು ಸಲೀಸಾಯಿತು ಎಂದು ನನಗೆ ಅನಿಸುತ್ತದೆ. ಆದರೆ ಹಳೇ ಫಾಂಟಿನಲ್ಲಿ ಬರೆದದ್ದು ಒಳಗಡೆ ಇಂಗ್ಲಿಷ್ ಸಂಕೇತಗಳಲ್ಲೇ ಕೂತಿರುತ್ತದೆ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಕನ್ನಡವಾಗಿ ಕಾಣುತ್ತದೆ, ಅಷ್ಟೇ. ಹಾಗೇ ಎತ್ತಿ ವೆಬ್‌ಸೈಟಿಗೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಗುಡ್ಡೆ. ಎಲ್ಲ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು. ಬದಲಿಸುವಾಗ ಅರ್ಕಾವೊತ್ತು ಕೆಲವು ಕಡೆ ಜಾಗ ತಪ್ಪುತ್ತದೆ, ಅದನ್ನು ಕಣ್ಣಿಟ್ಟು ನೋಡಬೇಕು. ಇದನ್ನೂ ಕನ್ನಡ ಓದುವವರೇ ಮಾಡಬೇಕಲ್ಲವೇ?

ಈ ಫಾಂಟ್ ಗೋಜಲಿಗೆ ಹೆದರಿ ನಮ್ಮವರು ಒಂದು ಸುಲಭದ ದಾರಿ ಹಿಡಿದಿದ್ದಾರೆ. ಇಡೀ ಪುಟವನ್ನೇ ಚಿತ್ರ ಮಾಡಿ ಹಾಕಿಬಿಡುವುದು. ಜಾತ್ರೆಯ ಹ್ಯಾಂಡ್‌ಬಿಲ್, ಶಾಲೆಯ ಪ್ರವೇಶ ಪ್ರಕಟಣೆ, ಸೊಸೈಟಿಯ ವಾರ್ಷಿಕ ಸಭೆಯ ನೋಟಿಸು, ಎಲ್ಲ ಜೆಪೆಗ್. ನನಗೆ ಇದು ತುಂಬ ಬೇಸರ ತರುವ ವಿಷಯ. ಲೆಕ್ಕ ನೋಡಿ. ಯೂನಿಕೋಡ್ ಬರಹವನ್ನು ವೆಬ್‌ನಲ್ಲಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಜಾಗ. ಸಾವಿರ ಸಂಕೇತಗಳ ಹ್ಯಾಂಡ್‌ಬಿಲ್ ಅಂದರೆ ಹೆಚ್ಚುಕಡಿಮೆ 3 ಕೆ.ಬಿ. ಅದನ್ನೇ ಪ್ರೆಸ್ಸಿಗೆ ಕಳಿಸುವ ಗಾತ್ರದ ಚಿತ್ರ ಮಾಡಿದರೆ ಸಲೀಸಾಗಿ 3 ಎಂ.ಬಿ. ದಾಟುತ್ತದೆ. ಸಾವಿರ ಪಟ್ಟು. ಸಿಗ್ನಲ್ ಒಂದು ಗೆರೆ ಬರುವ ಊರಲ್ಲಿ ಮಾಳಿಗೆ ಹತ್ತಿ ನಿಂತು ಅದನ್ನು ತೆರೆಯುವವರ ಕಷ್ಟ ಯೋಚಿಸಿ. ತೆರೆದ ಮೇಲೂ ಬೆರಳಿನಿಂದ ಎಳೆದೆಳೆದು ದೊಡ್ಡ ಮಾಡಿ ಓದಬೇಕು. ಗೂಗಲ್‌ನಲ್ಲಿ ‘ಬಾದಾಮಿ ಬನಶಂಕರಿ ತೇರು ಯಾವಾಗ’ ಎಂದು ಹುಡುಕಿದವರಿಗೆ ಆ ಚಿತ್ರದೊಳಗಿನ ಮಾತು ಕೈಗೆ ಸಿಗುವುದು ಕಷ್ಟ. ಕಣ್ಣು ಕಾಣದವರ ಪಾಡು ಇನ್ನೂ ಕಷ್ಟ. ಆಂಡ್ರಾಯ್ಡ್ ಫೋನಿನ ಟಾಕ್‌ಬ್ಯಾಕ್ ಕನ್ನಡ ಬರಹವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಹಿಂದೆ ವಿವರಣೆ ಬರೆಯದೆ ಸುಮ್ನೆ ಚಿತ್ರ ಹಾಕಿದರೆ ಅವರಿಗೆ ‘ಚಿತ್ರ’ ಅನ್ನುವುದಷ್ಟೇ ಕೇಳಿಸುವುದೂ ಉಂಟು. ನಾವು ಇಷ್ಟು ಕಷ್ಟಪಟ್ಟು ಜೋಡಿಸಿದ ಅಕ್ಷರ ಒಬ್ಬರಿಗೆ ಅಕ್ಷರವಾಗಿ ತಲುಪಲೇ ಇಲ್ಲ ಅಂದರೆ ನಾವು ಮಾಡಿದ್ದಾದರೂ ಏನು?

ಇಂಥ ಹ್ಯಾಂಡ್‌ಬಿಲ್ಲನ್ನು ಪುಟವಾಗಿ ಕಟ್ಟಲು ಬೇಕಾದ ಸಿಎಸ್‌ಎಸ್ ಒಂದು ಹಾಳೆಯಷ್ಟೂ ಇಲ್ಲ. ಅದರಲ್ಲಿ ಒಂದು ತೊಡಕು ಮಾತ್ರ ಬರುತ್ತದೆ. ‘ಜಾತ್ರಾಮಹೋತ್ಸವ’ದಂಥ ಉದ್ದನೆಯ ಪದ ಕಂಪ್ಯೂಟರಿನಲ್ಲಿ ಚೆಂದ ಕಂಡರೂ 360 ಪಿಕ್ಸೆಲ್ ಅಗಲದ ಫೋನಿನಲ್ಲಿ ಅಂಚು ದಾಟಿ ಹೊರಗೆ ಹೋಗುತ್ತದೆ. ಪರದೆಯ ಅಗಲ ನೋಡಿಕೊಂಡು ಅಕ್ಷರವನ್ನು ತಾನೇ ಕುಗ್ಗಿಸು, ಆದರೆ ಇಷ್ಟಕ್ಕಿಂತ ಸಣ್ಣ ಮಾಡಬೇಡ ಎಂದು ಹೇಳಲು ಸಿಎಸ್‌ಎಸ್‌ನಲ್ಲಿ ‘ಕ್ಲ್ಯಾಂಪ್’ ಅನ್ನುವ ಒಂದೇ ಮಾತು ಸಾಕು. 2010ರಲ್ಲಿ ಈಥನ್ ಮಾರ್ಕೋಟ್ ಅವರು ಒಂದೇ ಪುಟ ಎಲ್ಲ ಅಳತೆಯ ಪರದೆಗೂ ಹೊಂದಿಕೊಳ್ಳಬೇಕು ಎಂದು ಬರೆದಾಗಿನಿಂದ ವೆಬ್ ಇದೇ ದಾರಿಯಲ್ಲಿದೆ. ಕಾಗದದಲ್ಲಿ ಡೆಮಿ ಅಂದರೆ ಡೆಮಿ, ಕ್ರೌನ್ ಅಂದರೆ ಕ್ರೌನ್. ವೆಬ್‌ನಲ್ಲಿ ಹಾಳೆಯ ಅಳತೆ ನಮ್ಮ ಕೈಯಲ್ಲಿಲ್ಲ, ಓದುವವರ ಕೈಯಲ್ಲಿದೆ. ಇದನ್ನು ಕೋರೆಲ್‌ಡ್ರಾದಲ್ಲಿ ಚಿತ್ರ ಬರೆದು ತೋರಿಸಲು ಆಗುವುದೇ ಇಲ್ಲ. ಬ್ರೌಸರಿನಲ್ಲಿ ಎಳೆದು ಕುಗ್ಗಿಸಿ ನೋಡಿದವರಿಗೇ ಗೊತ್ತಾಗುವುದು.

ಈಗ ವಿರೋಧದ ಮಾತುಗಳು. ವರ್ಡ್‌ಪ್ರೆಸ್ ಇದೆ, ಕ್ಯಾನ್ವಾ ಇದೆ, ಎಐಗೆ ಹೇಳಿದರೆ ಅದೇ ಕೋಡ್ ಬರೆದುಕೊಡುತ್ತದೆ, ಇನ್ನು ಕಲಿಯುವುದು ಯಾಕೆ ಎಂದು ಕೇಳುತ್ತಾರೆ. ನಾನೂ ಅವನ್ನು ಬಳಸುತ್ತೇನೆ. ಬೇಡ ಅನ್ನುವುದಿಲ್ಲ. ಆದರೆ ನಾನು ನೋಡಿದ ಮಟ್ಟಿಗೆ ಅವುಗಳಲ್ಲಿ ಸಿಗುವ ಥೀಮ್‌ಗಳೆಂಬ ಸಿದ್ಧ ಡಿಸೈನ್‌ಗಳೆಲ್ಲ ಇಂಗ್ಲಿಷಿನ ಅಳತೆಗೇ ಮಾಡಿದವು. ಎಐ ಬರೆದುಕೊಟ್ಟ ಪುಟದಲ್ಲೂ ತಲೆಬರಹದ ಲೈನ್-ಹೈಟ್ 1.1, 1.2 ಎಂದೇ ಬರುತ್ತದೆ. ಒತ್ತಿಗೆ ಒತ್ತು ತಾಗಿ ನಿಲ್ಲುತ್ತವೆ. ‘ಕನ್ನಡ ಇದ್ದ ಕಡೆ 1.7 ಮಾಡು’ ಎಂದು ಹೇಳಿದರೆ ಅದು ಮಾಡುತ್ತದೆ. ಹೇಳಬೇಕಾದರೆ ನಮಗೆ ಗೊತ್ತಿರಬೇಕು.

ಇನ್ನೊಂದು ವಿರೋಧ ಸಂಬಳದ್ದು. ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. ಬೆಳಗಾವಿ, ಹುಬ್ಬಳ್ಳಿ ಕಡೆಯ ‘ಬೇಕಾಗಿದ್ದಾರೆ’ ಜಾಹೀರಾತು ನೋಡಿ. ಫೋಟೊಶಾಪ್ ಬರಬೇಕು, ಕೋರೆಲ್ ಬರಬೇಕು, ವಿಡಿಯೊ ಎಡಿಟಿಂಗ್, ಎಚ್‌ಟಿಎಂಎಲ್, ಪಿಎಚ್‌ಪಿ, ಫೇಸ್‌ಬುಕ್ ಪೇಜ್ ನೋಡಿಕೊಳ್ಳುವುದು, ಎಲ್ಲ ಬರಬೇಕು. ಕೊಡುವುದು ಒಬ್ಬರ ಸಂಬಳ. ಅದೂ ಕಡಿಮೆ. ಇದು ಅನ್ಯಾಯ. ಮೂವರ ಕೆಲಸವನ್ನು ಒಬ್ಬರ ಹೆಗಲಿಗೆ ಹಾಕಲು ‘ಡಿಸೈನರ್ ಕೋಡ್ ಕಲಿಯಬೇಕು’ ಅನ್ನುವ ಮಾತನ್ನು ನೆಪ ಮಾಡಿಕೊಳ್ಳಬಾರದು.

ಅದಕ್ಕೇ ಎಲ್ಲಿ ನಿಲ್ಲಬೇಕು ಅನ್ನುವುದನ್ನೂ ಹೇಳುತ್ತೇನೆ. ಎಚ್‌ಟಿಎಂಎಲ್, ಸಿಎಸ್‌ಎಸ್ ನಮ್ಮವು. ಮೆನು ತೆರೆಯಲು, ಮುಚ್ಚಲು ಬೇಕಾಗುವಷ್ಟು ಜಾವಾಸ್ಕ್ರಿಪ್ಟ್ ಇದ್ದರೆ ಒಳ್ಳೆಯದು. ಲಾಗಿನ್, ಡೇಟಾಬೇಸ್, ದುಡ್ಡು ಕಟ್ಟುವ ಪುಟ, ಗಿರಾಕಿಗಳ ಫೋನ್ ನಂಬರ್ ಕಾಯುವುದು, ಇವು ಎಂಜಿನಿಯರ್‌ಗಳ ಕೆಲಸ. ಅರೆಬರೆ ಕಲಿತು ಅದಕ್ಕೆ ಕೈ ಹಾಕಿದರೆ ಇನ್ನೊಬ್ಬರ ದುಡ್ಡು ಹೋಗುತ್ತದೆ. ಗಿರಾಕಿ ಎಷ್ಟು ಒತ್ತಾಯ ಮಾಡಿದರೂ ನಾನು ಆ ಕೆಲಸ ಒಪ್ಪಿಕೊಳ್ಳುವುದಿಲ್ಲ. ಮತ್ತೆ, ಪುಟ ಕಟ್ಟಿಕೊಟ್ಟರೆ ಅದರ ಬಿಲ್ ಬೇರೆ. ಪತ್ರಿಕೆಯ ಡಿಸೈನ್ ಜೊತೆ ಪುಕ್ಕಟೆ ಅಲ್ಲ. ಇದನ್ನು ನಮ್ಮ ವೃತ್ತಿಯವರೆಲ್ಲ ಒಟ್ಟಾಗಿ ಹಿಡಿದರೆ ಮಾತ್ರ ನಡೆಯುತ್ತದೆ.

ಕಲಿಯುವುದು ಕಷ್ಟವಾ? ನಮ್ಮಲ್ಲಿ ಕೆಲಸಕ್ಕೆ ಬರುವ ಹುಡುಗಿ ಕಲಾದಗಿಯವಳು. ಕನ್ನಡ ಮಾಧ್ಯಮ, ಪಿಯುಸಿ ಆರ್ಟ್ಸ್. ಕೋಡಿಂಗ್ ಅಂದ ಕೂಡಲೇ "ನಂಗ ಇಂಗ್ಲಿಷ್ ಬರಂಗಿಲ್ರಿ ಅಕ್ಕಾರ" ಎಂದು ಹಿಂದೆ ಸರಿದಳು. ನಾನು ಸಿಎಸ್‌ಎಸ್‌ನ ಒಂದು ಪುಟ ತೆರೆದು ತೋರಿಸಿದೆ. ಕಲರ್, ವಿಡ್ತ್, ಮಾರ್ಜಿನ್, ಬಾರ್ಡರ್, ಫಾಂಟ್ ಸೈಜ್, ಬ್ಯಾಕ್‌ಗ್ರೌಂಡ್. ಅವಳು ಕೋರೆಲ್‌ಡ್ರಾದಲ್ಲಿ ದಿನಾ ಒತ್ತುವ ಪದಗಳೇ. ಹೊಸದು ಅನಿಸಿದ್ದು ಬರೀ ಬ್ರಾಕೆಟ್, ಕೋಲನ್, ಸೆಮಿಕೋಲನ್. ನಡುವೆ ಒಂದು ಸೆಮಿಕೋಲನ್ ಬಿಟ್ಟರೆ ಆ ಸಾಲೂ ಮುಂದಿನ ಸಾಲೂ ನಡೆಯುವುದಿಲ್ಲ ಅನ್ನುವುದು ಅವಳನ್ನು ಮೊದಮೊದಲು ತುಂಬ ಕಾಡಿತು. ಆಮೇಲೆ ಕಣ್ಣು ಪಳಗಿತು. ಪ್ರೂಫ್ ನೋಡುವ ಕಣ್ಣಿಗೆ ಅದು ಬೇಗ ಬರುತ್ತದೆ.

ಅವಳು ಮೊದಲು ಕಟ್ಟಿದ್ದು ತನ್ನ ಚಿಕ್ಕಪ್ಪನ ಮಗಳ ಲಗ್ನಪತ್ರಿಕೆ. ಮೇಲೆ ಮನೆದೇವರ ಹೆಸರು, ನಡುವೆ ವಧೂವರರು, ಅಕ್ಷತೆಯ ಸಮಯ, ಮಂಟಪಕ್ಕೆ ಮ್ಯಾಪಿನ ಕೊಂಡಿ, ಕೆಳಗೆ ‘ಸುಖಾಗಮನ ಬಯಸುವವರು’ ಎಂದು ಮನೆಮಂದಿಯ ಉದ್ದನೆಯ ಪಟ್ಟಿ. ಅಚ್ಚಿನ ಪತ್ರಿಕೆಯಲ್ಲಿ ಆ ಪಟ್ಟಿಯನ್ನು 7 ಪಾಯಿಂಟಿಗೆ ಇಳಿಸಿ ತುರುಕಿರುತ್ತೇವೆ. ಇಲ್ಲಿ ಅಜ್ಜಿ ಫೋನಿನ ಅಕ್ಷರ ದೊಡ್ಡದು ಮಾಡಿಕೊಂಡು ತನ್ನ ಹೆಸರು ತಾನೇ ಓದಿಕೊಂಡರಂತೆ. ಕೊನೆಗೆ ಮಂಟಪ ಬದಲಾಯಿತು. ಅಚ್ಚು ಹಾಕಿದ ಪತ್ರಿಕೆಗಳಿಗೆ ಚೀಟಿ ಅಂಟಿಸುತ್ತ ಮನೆಯವರು ಕೂತಿದ್ದಾಗ, ಅವಳು ಒಂದು ಸಾಲು ತಿದ್ದಿದಳು. ಎಲ್ಲರಿಗೂ ಮೊದಲು ಕಳಿಸಿದ್ದ ಕೊಂಡಿಯಲ್ಲೇ ಹೊಸ ಮಂಟಪ ಬಂತು. ಈ ಪುಟ ಇಡಲು ಒಂದು ಪೈಸೆ ಖರ್ಚಾಗಿಲ್ಲ. ಗಿಟ್‌ಹಬ್ ಪೇಜಸ್‌ನಲ್ಲಿ ಇಂಥ ಸಣ್ಣ ಪುಟಗಳಿಗೆ ಜಾಗ ಪುಕ್ಕಟೆ. ಬರೆಯಲು ನೋಟ್‌ಪ್ಯಾಡ್ ಸಾಕು. ಕಲಿಯಲು ಮೊಜಿಲ್ಲಾದವರ ಎಂಡಿಎನ್, ಫ್ರೀಕೋಡ್‌ಕ್ಯಾಂಪ್ ಇವೆ.

ತೊಂದರೆ ಅಂದರೆ ಅವೆಲ್ಲ ಇಂಗ್ಲಿಷಿನಲ್ಲಿವೆ. ಕೋಡಿನ ಪದಗಳಿಗೆ ನಮ್ಮ ಮಕ್ಕಳು ಹೆದರುವುದಿಲ್ಲ, ಕೋಡನ್ನು ವಿವರಿಸುವ ಇಂಗ್ಲಿಷಿಗೆ ಹೆದರುತ್ತಾರೆ. ಇಲ್ಲಿ ನಮ್ಮ ಜಿಲ್ಲೆಗಳ ತರಬೇತಿ ಕೇಂದ್ರಗಳು ಸ್ವಲ್ಪ ಮನಸ್ಸು ಮಾಡಬೇಕು. ಐಟಿಐನ ಕೋಪಾ ಎಂಬ ಕಂಪ್ಯೂಟರ್ ಕೋರ್ಸಿನಲ್ಲಿ ಎಚ್‌ಟಿಎಂಎಲ್ ಇದೆ. ಅದನ್ನು ಮುಗಿಸಿ ನಮ್ಮಲ್ಲಿಗೆ ಬಂದ ಹುಡುಗರ ನೋಟ್‌ಬುಕ್ ನೋಡಿದ್ದೇನೆ. ಅಭ್ಯಾಸದ ಪುಟ ಒಂದಾದರೂ ಕನ್ನಡದಲ್ಲಿಲ್ಲ. ಒಂದೇ ಒಂದು ಪುಟವನ್ನು ಕನ್ನಡದಲ್ಲಿ ಮಾಡಿಸಿ. ಪುಟದ ಭಾಷೆ ಕನ್ನಡ ಎಂದು ಕೋಡಿನ ಆರಂಭದಲ್ಲೇ ಬರೆಯಲು ಕಲಿಸಿ. ‘ಸ್ತ್ರೀ’ ಎಂದು ಬರೆಸಿ, ಒತ್ತು ತುಂಡಾಗದೆ ಬರುವವರೆಗೂ ಬಿಡಬೇಡಿ. ಇತ್ತ ಡಿಟಿಪಿ ಕೇಂದ್ರಗಳಲ್ಲಿ ಪೇಜ್‌ಮೇಕರ್, ಕೋರೆಲ್, ನುಡಿ ಕಲಿಸಿ ಸರ್ಟಿಫಿಕೇಟ್ ಕೊಟ್ಟು ಕಳಿಸುತ್ತಾರೆ. ಕೊನೆಯ ತಿಂಗಳಾದರೂ ಯೂನಿಕೋಡ್ ಮತ್ತು ಸಿಎಸ್‌ಎಸ್‌ಗೆ ಇಡಿ. ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿಯ ನೇಕಾರರ ಮನೆ ಮಕ್ಕಳು ಈ ಕೇಂದ್ರಗಳಿಗೆ ಬರುತ್ತಾರೆ. ಇಳಕಲ್ ಸೀರೆಯ ಗಿರಿಕುಂಕುಮ ಬಣ್ಣ ಪರದೆಯ ಮೇಲೆ ಹೇಗೆ ಕಾಣಬೇಕು ಎಂದು ಅವರಿಗಿಂತ ಚೆನ್ನಾಗಿ ಯಾರು ಹೇಳಬಲ್ಲರು? ಆ ಕೆಂಪಿನ ಮೇಲೆ ಬೂದು ಅಕ್ಷರ ಹಾಕಿದರೆ ಓದಲಾಗದು. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಹೊಳಪಿನ ವ್ಯತ್ಯಾಸ ಇರಬೇಕು ಎಂದು ವೆಬ್‌ನ ಸುಗಮ ಓದಿನ ನಿಯಮ ಹೇಳುತ್ತದೆ. ಅದನ್ನೂ ಕಲಿಯಲಿ.

ನಿಮ್ಮ ಪತ್ರಿಕೆಗೂ ಒಂದು ಕೋರಿಕೆ. ಯುವಜನರ ಪುಟದಲ್ಲಿ ವಾರಕ್ಕೊಮ್ಮೆ ಅರ್ಧ ಕಾಲಂ ಕೊಡಿ. ಒಂದು ವಾರಕ್ಕೆ ಸಿಎಸ್‌ಎಸ್‌ನ ಒಂದೇ ಸಂಗತಿ, ಕನ್ನಡದ ಉದಾಹರಣೆ ಸಮೇತ. ಬರೆದುಕೊಡುವವರು ಸಿಗದಿದ್ದರೆ ನಾನು ಬರೆದುಕೊಡುತ್ತೇನೆ. ಹಾಗೆಯೇ ಬಾಗಲಕೋಟೆ ಸುತ್ತಮುತ್ತಲಿನ ಡಿಟಿಪಿ ಅಂಗಡಿಗಳ ಹುಡುಗ ಹುಡುಗಿಯರಿಗೆ ಈ ಪತ್ರದ ಮೂಲಕವೇ ಹೇಳುತ್ತೇನೆ. ಭಾನುವಾರ ಬೆಳಗ್ಗೆ ನಮ್ಮ ಅಂಗಡಿಯಲ್ಲಿ ಕೆಲಸ ಇರುವುದಿಲ್ಲ. ಕಲಿಯಲು ಮನಸ್ಸಿದ್ದವರು ಬರಬಹುದು, ಫೀಸು ಇಲ್ಲ. ನನ್ನ ವಿಳಾಸ ನಿಮ್ಮ ಕಚೇರಿಯಲ್ಲಿ ಕೊಟ್ಟಿದ್ದೇನೆ, ಕೇಳಿದವರಿಗೆ ದಯವಿಟ್ಟು ತಿಳಿಸಿ. ಲ್ಯಾಪ್‌ಟಾಪ್ ಇದ್ದವರು ತನ್ನಿ. ಇಲ್ಲದವರು ಅಂಗಡಿಯ ಸಿಸ್ಟಂನಲ್ಲೇ ಕೂರಬಹುದು. ಬರುವಾಗ ನೀವು ಮಾಡಿದ ಒಂದು ಹ್ಯಾಂಡ್‌ಬಿಲ್ ಇರಲಿ, ಅದನ್ನೇ ಪುಟ ಮಾಡುವುದರಿಂದ ಶುರು ಮಾಡೋಣ.

ಇಂತಿ,
ಒಬ್ಬ ಡಿಸೈನರ್
ನವನಗರ, ಬಾಗಲಕೋಟೆ